ಎಲೆ ಕಿರೀಟದ ಅರ್ಧ ಕಥೆ: ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾದ ಕರ್ಸ್ಟಿ ಕೊವೆಂಟ್ರಿ ಅವರಿಗೆ,

ನಮಸ್ಕಾರ ಮೇಡಂ.

ನಾನು ಬೆಳಗಾವಿ ಜಿಲ್ಲೆಯ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ಮೂವತ್ತು ವರ್ಷಕ್ಕೂ ಜಾಸ್ತಿ ಹಳ್ಳಿ ಶಾಲೆಗಳ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಮಕ್ಕಳನ್ನು ಓಡಿಸಿದವನು. ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇದು ನಿಮಗೆ ಎಷ್ಟು ಸೇರಬೇಕೋ ಅಷ್ಟೇ ನಮ್ಮ ಕಡೆಯ ಮೇಷ್ಟ್ರುಗಳಿಗೂ, ಓಡುವ ಮಕ್ಕಳಿಗೂ, ಅವರ ಅಪ್ಪ ಅಮ್ಮಂದಿರಿಗೂ ಸೇರಬೇಕು. ಯಾರಾದರೂ ನಿಮಗೆ ಓದಿ ಹೇಳಿದರೆ ಸಂತೋಷ.

ಒಂದು ಘಟನೆಯಿಂದ ಶುರು ಮಾಡುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ಕುರಿ ಕಾಯುವವರ ಮನೆ ಮಗಳು. ಬರಿಗಾಲಲ್ಲಿ 800 ಮೀಟರ್ ಓಡುತ್ತಿದ್ದಳು. ಅವಳ ಹೆಜ್ಜೆಯ ಲಯ ನೋಡಿದರೆ ಯಾರೂ ಕಲಿಸದೆ ಇದು ಹೇಗೆ ಬಂತು ಅನ್ನಿಸುತ್ತಿತ್ತು. ತಾಲೂಕು ಮಟ್ಟದಲ್ಲಿ ಗೆದ್ದಳು, ಜಿಲ್ಲೆಗೆ ಹೋಗಬೇಕಿತ್ತು. ಹಿಂದಿನ ದಿನ ಸಂಜೆ ನನ್ನ ಹತ್ತಿರ ಬಂದು, "ಸರ, ಅಲ್ಲಿ ಗೆದ್ದವರಿಗೆ ಏನ್ ಕೊಡ್ತಾರ್ರಿ?" ಎಂದು ಕೇಳಿದಳು. ಅವಳು ಎರಡು ದಿನ ಬಂದರೆ ಮನೆಯಲ್ಲಿ ಎರಡು ದಿನದ ಕುರಿ ಕಾಯುವ ಕೆಲಸ ತಪ್ಪುತ್ತದೆ, ಅಪ್ಪನಿಗೆ ಏನಾದರೂ ಹೇಳಬೇಕಲ್ಲ, ಅದಕ್ಕೇ ಕೇಳಿದ್ದು. ನಾನು ಏನು ಹೇಳಿದೆ ಗೊತ್ತಾ? "ಹಾಗೆಲ್ಲ ಕೇಳಬಾರದಮ್ಮ. ಹಿಂದೆ ಗ್ರೀಸ್ ದೇಶದಲ್ಲಿ ಒಲಿಂಪಿಕ್ ಗೆದ್ದವರಿಗೆ ಬರೀ ಎಲೆ ಕಿರೀಟ ಕೊಡ್ತಿದ್ರು. ಅವರು ದುಡ್ಡಿಗೆ ಓಡಲಿಲ್ಲ, ಗೌರವಕ್ಕೆ ಓಡಿದರು." ಅವಳು ತಲೆ ತಗ್ಗಿಸಿ ಹೋದಳು. ಕೇಳಬಾರದ್ದು ಕೇಳಿದೆ ಅನ್ನುವ ನಾಚಿಕೆ ಅವಳ ಮುಖದಲ್ಲಿತ್ತು. ಜಿಲ್ಲಾ ಕ್ರೀಡಾಕೂಟಕ್ಕೆ ಅವಳು ಬರಲಿಲ್ಲ.

ನನಗೆ ಆ ಮಾತು ಯಾರು ಕಲಿಸಿದರು? ನನ್ನ ಮೇಷ್ಟ್ರು. ಅವರಿಗೆ ಅವರ ಮೇಷ್ಟ್ರು. ಹಿಂದೆ ಹಿಂದೆ ಹೋದರೆ ಆ ದಾರಿ ನಿಮ್ಮ ಸಮಿತಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಈ ಪತ್ರ.

ನಿವೃತ್ತಿಯಾದ ಮೇಲೆ ಪುರುಸೊತ್ತು ಸಿಕ್ಕಿತು, ಹಳೆಯ ಗ್ರೀಕರ ಆಟಗಳ ಬಗ್ಗೆ ಓದಿದೆ. ಮೊದಲು ನಿಜವಾದ ಭಾಗವನ್ನು ಒಪ್ಪಿಕೊಳ್ಳುತ್ತೇನೆ. ಆ ಆಟಗಳು ನಡೆಯುತ್ತಿದ್ದ ಒಲಿಂಪಿಯಾ ಎಂಬ ಜಾಗದಲ್ಲಿ ಕೊಡುತ್ತಿದ್ದದ್ದು ಎಲೆ ಕಿರೀಟವೇ. ಜ್ಯೂಸ್ ದೇವರ ಗುಡಿಯ ಹತ್ತಿರ ಇದ್ದ ಕಾಡು ಆಲಿವ್ ಮರದ ಕೊಂಬೆಗಳನ್ನು, ತಂದೆ ತಾಯಿ ಇಬ್ಬರೂ ಬದುಕಿರುವ ಒಬ್ಬ ಹುಡುಗ ಚಿನ್ನದ ಕುಡುಗೋಲಿನಿಂದ ಕೊಯ್ದು ತರಬೇಕಿತ್ತಂತೆ. ಎರಡನೇ ಬಹುಮಾನ ಇರಲಿಲ್ಲ, ಮೂರನೆಯದೂ ಇರಲಿಲ್ಲ. ಗೆದ್ದವನಿಗೆ ಮಾತ್ರ ಕಿರೀಟ, ಉಳಿದವರು ಸುಮ್ಮನೆ ಮನೆಗೆ.

ಒಲಿಂಪಿಯಾ ಅಂದರೆ ನಮ್ಮ ಕಣ್ಣ ಮುಂದೆ ಬಿಳಿ ಬಟ್ಟೆ, ಶಾಂತ ಮುಖ, ತಣ್ಣನೆಯ ಕಲ್ಲು ಕಂಬ ಬರುತ್ತವೆ. ನಿಮ್ಮ ಸಮಾರಂಭಗಳು ನಮಗೆ ಅದನ್ನೇ ತೋರಿಸಿವೆ. ಓದಿದ ಮೇಲೆ ನನ್ನ ಕಣ್ಣಿಗೆ ಕಂಡದ್ದು ಬೇರೆ. ಅದೊಂದು ಜಾತ್ರೆ ಮೇಡಂ, ಅಪ್ಪಟ ಜಾತ್ರೆ. ನಾಲ್ಕು ವರ್ಷಕ್ಕೊಮ್ಮೆ ಬೇಸಿಗೆಯ ಸುಡು ಬಿಸಿಲಲ್ಲಿ ದೇವರ ಹೆಸರಲ್ಲಿ ಜನ ಸೇರುತ್ತಿದ್ದರು. ನೂರು ಎತ್ತುಗಳ ಬಲಿ, ಅದರ ಹೊಗೆ, ಅದರ ಮಾಂಸದ ಪಾಲು. ನೊಣಗಳ ಕಾಟ ಎಷ್ಟಿತ್ತು ಅಂದರೆ ನೊಣ ಓಡಿಸುವ ಜ್ಯೂಸ್ ಅಂತಲೇ ಒಂದು ಹೆಸರಿಟ್ಟು ಅಲ್ಲಿ ಬಲಿ ಕೊಡುತ್ತಿದ್ದರು. ಕುಡಿಯುವ ನೀರಿಗೆ ಪರದಾಟ. ಕ್ರಿ.ಶ. ಎರಡನೇ ಶತಮಾನದಲ್ಲಿ ಹೆರೋಡಿಸ್ ಅಟ್ಟಿಕಸ್ ಎಂಬ ಶ್ರೀಮಂತ ಕಾಲುವೆ ಹಾಕಿಸಿ ನೀರು ತಂದ ಮೇಲೆಯೇ ಆ ತೊಂದರೆ ತಪ್ಪಿದ್ದು. ನಾನು ಚಿಕ್ಕಂದಿನಲ್ಲಿ ನೋಡಿದ ನಮ್ಮೂರ ಕಡೆಯ ಜಾತ್ರೆಯ ಕುಸ್ತಿ ಕಣ ನೆನಪಾಯಿತು. ಅಲ್ಲೂ ದೇವರು, ಧೂಳು, ಗದ್ದಲ. ಕೊನೆಯ ಕುಸ್ತಿ ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ ಹಾಕಿ, ಪೇಟ ಸುತ್ತಿ, ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಬೆಳ್ಳಿ ಕಡಗ ತೊಟ್ಟದ್ದರಿಂದ ಅವನ ಗೌರವ ಕಡಿಮೆಯಾಯಿತು ಎಂದು ಯಾರೂ ಅಂದುಕೊಳ್ಳಲಿಲ್ಲ.

ಗ್ರೀಕರೂ ಅಂದುಕೊಳ್ಳಲಿಲ್ಲ. ನಾನು ಹೇಳಬೇಕಾಗಿರುವ ಇನ್ನರ್ಧ ಕಥೆ ಇದೇ. ಎಲೆ ಕಿರೀಟ ಹಾಕಿಕೊಂಡು ಊರಿಗೆ ಬಂದವನಿಗೆ ಊರು ಕೊಡುತ್ತಿತ್ತು, ಕೈತುಂಬ ಕೊಡುತ್ತಿತ್ತು. ಅಥೆನ್ಸಿನಲ್ಲಿ ಸೊಲೋನ್ ಮಾಡಿದ ಕಾನೂನಿನಂತೆ ಒಲಿಂಪಿಕ್ ಗೆದ್ದವನಿಗೆ 500 ದ್ರಾಖ್ಮ (ಅವರ ಬೆಳ್ಳಿ ನಾಣ್ಯ) ಎಂದು ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಅದೇ ಜಾಗದಲ್ಲಿ ಇನ್ನೊಂದು ಲೆಕ್ಕವನ್ನೂ ಕೊಡುತ್ತಾನೆ: ಆಗ ಒಂದು ಕುರಿಯ ಬೆಲೆ ಒಂದು ದ್ರಾಖ್ಮ. ಅಂದರೆ 500 ಕುರಿ! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ತುಂಬಾ ಹೊತ್ತು ಹಾಗೇ ಕುಳಿತಿದ್ದೆ. ಕುರಿ ಕಾಯುವವರ ಮಗಳಿಗೆ ನಾನು ಹೇಳಿದ ಉತ್ತರ ಕಿವಿಯಲ್ಲಿ ಕೇಳುತ್ತಿತ್ತು.

ಅಷ್ಟೇ ಅಲ್ಲ. ಅಥೆನ್ಸಿನಲ್ಲಿ ಒಲಿಂಪಿಕ್ ಗೆದ್ದವರಿಗೆ ಬದುಕಿರುವ ತನಕ ಊರಿನ ಖರ್ಚಿನಲ್ಲಿ ಊಟ. ಸಾಕ್ರಟೀಸನಿಗೆ ಕ್ರಿ.ಪೂ. 399ರಲ್ಲಿ ವಿಚಾರಣೆ ನಡೆದಾಗ, ನಿನಗೆ ಯಾವ ಶಿಕ್ಷೆ ಕೊಡಬೇಕು ನೀನೇ ಹೇಳು ಎಂದರೆ, ಕುದುರೆ ರಥ ಗೆದ್ದವರಿಗೆ ಹಾಕುವ ಆ ಊಟವನ್ನು ನನಗೆ ಹಾಕಿ, ಅವರಿಗಿಂತ ಅದರ ಅಗತ್ಯ ನನಗೇ ಜಾಸ್ತಿ ಎಂದನಂತೆ. ಅವನಿಗಿಂತ ಮೊದಲೇ ಕ್ಸೆನೊಫೇನಿಸ್ ಎಂಬ ಕವಿ ಗೊಣಗಿದ್ದ. ಓಡುವವನಿಗೆ, ಗುದ್ದುವವನಿಗೆ ಮುಂದಿನ ಸಾಲಿನ ಜಾಗ, ಊರ ಖರ್ಚಲ್ಲಿ ಊಟ, ಉಡುಗೊರೆ, ನನ್ನ ಬುದ್ಧಿಗೆ ಮಾತ್ರ ಏನೂ ಇಲ್ಲವೇ ಎಂಬುದು ಅವನ ಸಂಕಟ. ಏನೂ ಕೊಡದಿದ್ದರೆ ಹೀಗೆ ಯಾರಾದರೂ ಗೊಣಗುತ್ತಿದ್ದರಾ?

ಒಲಿಂಪಿಯಾ ಬಿಟ್ಟು ಬೇರೆ ಊರುಗಳ ಆಟಗಳಲ್ಲಂತೂ ಬಹುಮಾನವನ್ನು ಅಲ್ಲೇ ಕೊಡುತ್ತಿದ್ದರು. ಅಥೆನ್ಸಿನ ದೊಡ್ಡ ಹಬ್ಬ ಪಾನಾಥೆನೈಯದ ಬಹುಮಾನದ ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದು ಸಿಕ್ಕಿದೆ, ಕ್ರಿ.ಪೂ. ನಾಲ್ಕನೇ ಶತಮಾನದ್ದು. ಚಿಕ್ಕ ಹುಡುಗರ ಓಟದಲ್ಲಿ ಮೊದಲು ಬಂದವನಿಗೆ 50 ಜಾಡಿ ಆಲಿವ್ ಎಣ್ಣೆ, ಎರಡನೆಯವನಿಗೆ 10 ಜಾಡಿ. ಸಣ್ಣ ಜಾಡಿ ಅಲ್ಲ. ಒಂದೊಂದರಲ್ಲಿ ಸುಮಾರು 36 ಲೀಟರ್ ಹಿಡಿಯುತ್ತದೆ. 50 ಜಾಡಿ ಅಂದರೆ 1,800 ಲೀಟರ್ ಎಣ್ಣೆ. ಒಬ್ಬ ಹುಡುಗನಿಗೆ! ಮನೆಯಲ್ಲಿ ಅಷ್ಟನ್ನು ಯಾರು ಬಳಸುತ್ತಾರೆ? ಮಾರುವುದಕ್ಕೇ ಕೊಟ್ಟದ್ದು. ಆ ಜಾಡಿಗಳು ಇವತ್ತು ಇಟಲಿಯಲ್ಲಿ, ಆಫ್ರಿಕಾದ ಉತ್ತರ ತೀರದಲ್ಲಿ, ಕಪ್ಪು ಸಮುದ್ರದ ದಡದಲ್ಲಿ ಎಲ್ಲೆಲ್ಲೋ ಸಿಗುತ್ತವೆ.

ಪದವನ್ನೇ ನೋಡಿ. ಅಥ್ಲೀಟ್ ಎನ್ನುವ ಗ್ರೀಕ್ ಪದ ಬಂದದ್ದು ಅಥ್ಲಾನ್ ಎಂಬುದರಿಂದ. ಅಥ್ಲಾನ್ ಅಂದರೆ ಬಹುಮಾನ. ಬಹುಮಾನಕ್ಕಾಗಿ ಸೆಣಸುವವನೇ ಅಥ್ಲೀಟ್. ದುಡ್ಡು ಮುಟ್ಟದ ಆಟಗಾರ ಎನ್ನುವುದಕ್ಕೆ ಅವರ ಭಾಷೆಯಲ್ಲಿ ಪದವೇ ಇರಲಿಲ್ಲ. ಇದು ಗೊತ್ತಾದ ಮೇಲೆ ನಾನು ಅದೆಷ್ಟು ಕ್ರೀಡಾ ದಿನಾಚರಣೆಗಳಲ್ಲಿ ಮೈಕ್ ಹಿಡಿದು ಏನೇನು ಹೇಳಿದ್ದೆ ಎಂದು ನೆನೆದು ಬೇಸರವಾಯಿತು.

ಯಾರು ಓಡುತ್ತಿದ್ದರು? ರಥ ಓಡಿಸುವ ಶ್ರೀಮಂತರು ಇದ್ದರು, ದೊಡ್ಡ ಮನೆತನದ ಹುಡುಗರೂ ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕ್ರಿ.ಪೂ. 776ರಲ್ಲಿ ಮೊದಲ ಓಟ ಗೆದ್ದ ಎಂದು ಗ್ರೀಕರೇ ನೆನೆಯುವ ಕೊರೊಯ್ಬಸ್ ಒಬ್ಬ ಅಡುಗೆಯವನು ಎಂದು ಹಳೆಯ ಬರಹ ಹೇಳುತ್ತದೆ. ನನಗೆ ತುಂಬಾ ಹಿಡಿಸಿದ್ದು ಗ್ಲೌಕಸ್‌ನ ಕಥೆ. ಅವನು ರೈತನ ಮಗ. ನೇಗಿಲಿನ ಗುಳ ಕಳಚಿ ಬಿದ್ದಾಗ ಸುತ್ತಿಗೆ ಹುಡುಕದೆ ಬರಿಗೈಯಲ್ಲೇ ಗುದ್ದಿ ಕೂರಿಸಿದನಂತೆ. ಅದನ್ನು ಕಂಡ ಅಪ್ಪ ಅವನನ್ನು ಒಲಿಂಪಿಯಾಕ್ಕೆ ಕರೆದುಕೊಂಡು ಹೋದ. ಮುಷ್ಟಿಯುದ್ಧದಲ್ಲಿ ಪೆಟ್ಟು ತಿಂದು ಸೋಲುವ ಹೊತ್ತಿಗೆ ಅಪ್ಪ ಕೂಗಿ ಆ ನೇಗಿಲಿನ ಹೊಡೆತ ನೆನಪಿಸಿದ, ಮಗ ಹಾಗೇ ಹೊಡೆದು ಗೆದ್ದ. ನಮ್ಮ ಕಡೆ ಯಾವ ಕಟ್ಟೆಯ ಮೇಲೆ ಕುಳಿತು ಹೇಳಿದರೂ ಇದು ನಮ್ಮೂರ ಕಥೆಯೇ ಅನ್ನಿಸುತ್ತದೆ ಅಲ್ವಾ? ಇನ್ನು ಕ್ರೊಟಾನ್ ಊರಿನ ಆಸ್ಟಿಲಸ್ ಎಂಬ ಓಟಗಾರ ಮೊದಲು ಸ್ವಂತ ಊರಿನ ಹೆಸರಲ್ಲಿ ಗೆದ್ದು, ಮುಂದಿನ ಸಲ ಸಿರಾಕ್ಯೂಸಿನ ದೊರೆಯನ್ನು ಮೆಚ್ಚಿಸಲು ಆ ಊರಿನವನೆಂದು ಹೆಸರು ಬರೆಸಿ ಓಡಿದ. ಸ್ವಂತ ಊರಿನವರು ಸಿಟ್ಟಿಗೆದ್ದು ಅವನ ಪ್ರತಿಮೆ ಕೆಡವಿ, ಮನೆಯನ್ನು ಜೈಲು ಮಾಡಿದರು. ಅವರೂ ಮನುಷ್ಯರೇ. ಆಸೆ, ಸಿಟ್ಟು, ಊರಿನ ಅಭಿಮಾನ ಎಲ್ಲ ಇದ್ದವರು.

ಹಾಗಾದರೆ ದುಡ್ಡು ಮುಟ್ಟದ, ಬರೀ ಗೌರವಕ್ಕೆ ಓಡುವ ಗ್ರೀಕನನ್ನು ಯಾರು ಹುಟ್ಟಿಸಿದರು?

ಅವನು ಹುಟ್ಟಿದ್ದು 19ನೇ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿ ದೊಡ್ಡ ಮನೆಯ ಹುಡುಗರು ಶಾಲೆ ಕಾಲೇಜಿನಲ್ಲಿ ಓಟ, ದೋಣಿ, ಆಟ ಕಲಿತರು. ಆದರೆ ದಿನವಿಡೀ ಮೈ ಬಗ್ಗಿಸಿ ದುಡಿಯುವವರು ಅವರಿಗಿಂತ ಗಟ್ಟಿಯಾಗಿದ್ದರು, ಹಣದ ಪಂದ್ಯಗಳಲ್ಲಿ ಓಡಿ ಪಳಗಿದ್ದರು. ಅವರ ಜೊತೆ ಇಳಿದರೆ ಸೋಲು. ಇಳಿಯುವುದೇ ಮರ್ಯಾದೆಗೆ ಕಡಿಮೆ ಎನ್ನುವ ಭಾವನೆ ಬೇರೆ. ಆಗ ಅಮೆಚೂರ್, ಅಂದರೆ ಹಣಕ್ಕಾಗಿ ಆಡದವನು, ಎಂಬ ಬೇಲಿ ಕಟ್ಟಿದರು. ಹೆನ್ಲಿ ಊರಿನ ಪ್ರಸಿದ್ಧ ದೋಣಿ ಪಂದ್ಯದ 1879ರ ನಿಯಮದಲ್ಲಿ ಕೂಲಿಗೆ ದುಡಿಯುವ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಯಾಳು ಅಮೆಚೂರ್ ಅಲ್ಲ ಎಂದು ನೇರವಾಗಿಯೇ ಬರೆದಿದ್ದರು. ಗಮನಿಸಿ, ಆಟದಿಂದ ಹಣ ಪಡೆದವರು ಮಾತ್ರವಲ್ಲ, ಕೈಯಿಂದ ಕೆಲಸ ಮಾಡಿ ಹೊಟ್ಟೆ ಹೊರೆಯುವವರೂ ಹೊರಗೆ. ಆ ಸಾಲು ಹೋದದ್ದು 1937ರಲ್ಲಿ.

ಇಂಥ ಬೇಲಿಗೆ ಒಂದು ದೊಡ್ಡ ಹೆಸರಿನ ಆಸರೆ ಬೇಕಿತ್ತು. ಆ ಹೆಸರು ಗ್ರೀಸ್. ಹಳೆಯ ಗ್ರೀಕರು ಶುದ್ಧವಾಗಿ ಗೌರವಕ್ಕೆ ಆಡುತ್ತಿದ್ದರು, ಆಮೇಲೆ ಹಣದ ಆಟಗಾರರು ಬಂದು ಎಲ್ಲ ಕೆಟ್ಟಿತು ಎಂದು ಕೆಲವು ಪಂಡಿತರು ಬರೆದರು. 20ನೇ ಶತಮಾನದ ಶುರುವಿನಲ್ಲಿ ನಾರ್ಮನ್ ಗಾರ್ಡಿನರ್ ಎಂಬ ವಿದ್ವಾಂಸರ ಪುಸ್ತಕಗಳಿಂದ ಈ ಮಾತು ಇನ್ನೂ ಗಟ್ಟಿಯಾಯಿತು. 1984ರಲ್ಲಿ ಡೇವಿಡ್ ಯಂಗ್ ಎಂಬ ಅಮೆರಿಕದ ವಿದ್ವಾಂಸರು ಒಂದೊಂದೇ ಶಾಸನ, ಒಂದೊಂದೇ ಸಾಲು ಹಿಡಿದು ಇದು ಕಟ್ಟುಕಥೆ ಎಂದು ತೋರಿಸಿದರು. ಅಷ್ಟು ಹೊತ್ತಿಗೆ ನೂರು ವರ್ಷ ಕಳೆದಿತ್ತು. ನಿಮ್ಮ ಸಮಿತಿ ಹುಟ್ಟಿದ 1894ರ ಪ್ಯಾರಿಸ್ ಸಭೆಯೇ ಈ ಅಮೆಚೂರ್ ವಿಷಯದ ಹೆಸರಲ್ಲಿ ಸೇರಿದ್ದು. ಸಭೆ ಕರೆದ ಪಿಯರ್ ದ ಕುಬರ್ತಾಂ, ಆ ವಿಷಯ ನನಗೆ ಅಷ್ಟೇನೂ ಮುಖ್ಯವಾಗಿರಲಿಲ್ಲ, ಜನರನ್ನು ಸೇರಿಸಲು ಅದೊಂದು ನೆಪವಾಗಿತ್ತು ಎಂಬ ಅರ್ಥದ ಮಾತನ್ನು ವಯಸ್ಸಾದ ಮೇಲೆ ತಮ್ಮ ನೆನಪುಗಳಲ್ಲಿ ಬರೆದರು. ಆದರೆ ಆ ನೆಪದಿಂದ ಎಷ್ಟು ಜನ ಹೊರಗೆ ನಿಂತರು ನೋಡಿ.

ಕಾರ್ಲೊ ಅಯ್ರೋಲ್ಡಿ ಇಟಲಿಯ ಓಟಗಾರ. ಮಿಲಾನ್‌ನಿಂದ ಬಾರ್ಸಿಲೋನಾ ತನಕದ ದಿನಗಟ್ಟಲೆಯ ಓಟವನ್ನು 1895ರಲ್ಲಿ ಗೆದ್ದವನು. 1896ರ ಅಥೆನ್ಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಬೇಕೆಂಬ ಆಸೆ, ಕೈಯಲ್ಲಿ ದುಡ್ಡಿಲ್ಲ. ಮಿಲಾನ್‌ನಿಂದ ನಡೆದುಕೊಂಡು ಹೊರಟ. ಸಮುದ್ರ ದಾಟುವಲ್ಲಿ ಹಡಗು, ಉಳಿದ ದಾರಿಯೆಲ್ಲ ಕಾಲ್ನಡಿಗೆ. ಅಥೆನ್ಸ್ ತಲುಪಿದ. ನೀನು ಹಿಂದೆ ಓಟಕ್ಕೆ ಬಹುಮಾನದ ಹಣ ತೆಗೆದುಕೊಂಡಿದ್ದೀಯ ಎಂದು ಅವನನ್ನು ಸೇರಿಸಲಿಲ್ಲ. ಓಟಗಾರನಿಗೆ 500 ಕುರಿಯ ಬೆಲೆ ಕೊಟ್ಟ ಊರು ಅದೇ ಅಥೆನ್ಸ್.

ಜಿಮ್ ಥಾರ್ಪ್ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ, ಹೇಳುತ್ತೇನೆ. ಅಮೆರಿಕದ ಮೂಲನಿವಾಸಿ, ಸ್ಯಾಕ್ ಅಂಡ್ ಫಾಕ್ಸ್ ಜನಾಂಗದವರು. 1912ರ ಸ್ಟಾಕ್‌ಹೋಮ್‌ನಲ್ಲಿ ಐದು ಆಟಗಳ ಪೆಂಟಾಥ್ಲಾನ್ ಗೆದ್ದರು, ಹತ್ತು ಆಟಗಳ ಡೆಕಾಥ್ಲಾನ್ ಕೂಡ ಗೆದ್ದರು. ಅದಕ್ಕೂ ಮೊದಲು 1909 ಮತ್ತು 1910ರಲ್ಲಿ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರು ಎಂದು 1913ರಲ್ಲಿ ಎರಡೂ ಪದಕ ಕಿತ್ತುಕೊಂಡರು. ದೂರು ಕೊಡುವುದಿದ್ದರೆ 30 ದಿನದೊಳಗೆ ಕೊಡಬೇಕೆಂದು ಅವತ್ತಿನ ನಿಯಮದಲ್ಲೇ ಇತ್ತು, ಅದನ್ನೂ ನೋಡಲಿಲ್ಲ. ಅದೇ 1912ರಲ್ಲಿ ಅವರ ಜೊತೆಗೆ ಸ್ಪರ್ಧಿಸಿ ಸೋತ ಏವರಿ ಬ್ರಂಡೇಜ್ ಮುಂದೆ 1952ರಿಂದ 1972ರ ತನಕ ನಿಮ್ಮ ಕುರ್ಚಿಯಲ್ಲಿ ಕುಳಿತರು. ಅಮೆಚೂರ್ ನಿಯಮಕ್ಕೆ ಅವರಷ್ಟು ಗಟ್ಟಿ ಕಾವಲುಗಾರ ಇನ್ನೊಬ್ಬರಿರಲಿಲ್ಲ. ಥಾರ್ಪ್ 1953ರಲ್ಲಿ ತೀರಿಕೊಂಡರು. ಪದಕ ಮನೆಯವರ ಕೈ ಸೇರಿದ್ದು 1983ರಲ್ಲಿ, ಅದೂ ಜಂಟಿ ವಿಜೇತ ಎಂದು. ಅವರೊಬ್ಬರೇ ವಿಜೇತ ಎಂದು ನಿಮ್ಮ ಸಮಿತಿ ಬರೆದದ್ದು 2022ರ ಜುಲೈನಲ್ಲಿ. 110 ವರ್ಷ ಬೇಕಾಯಿತು ಮೇಡಂ.

ನಮ್ಮ ಬೆಳಗಾವಿಗೂ ಇದರಲ್ಲಿ ಒಂದು ಎಳೆ ಇದೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ ಫಡೆಪ್ಪ ದಾರೆಪ್ಪ ಚೌಗುಲೆ ಬೆಳಗಾವಿಯವರು. 42.75 ಕಿಲೋಮೀಟರ್ ದಾರಿ, ಒಲಿಂಪಿಕ್ ಮ್ಯಾರಥಾನ್‌ಗಳಲ್ಲೇ ಅತಿ ಉದ್ದದ್ದು. 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ಆ ತಂಡ ಹೊರಡುವುದಕ್ಕೆ ಕಾರಣರಾದವರು ದೊರಾಬ್ಜಿ ಟಾಟಾ. ಪುಣೆಯ ಡೆಕ್ಕನ್ ಜಿಮ್ಖಾನಾದ ಓಟದಲ್ಲಿ ಹೊಲದಲ್ಲಿ ದುಡಿಯುವ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡು, ಇವರನ್ನು ಕಳಿಸಲೇಬೇಕು ಎಂದು ಅವರಿಗೆ ಅನ್ನಿಸಿದ್ದು. ಅಂದರೆ ನಮ್ಮ ದೇಶದ ಒಲಿಂಪಿಕ್ ಕಥೆ ಶುರುವಾದದ್ದೇ ಹೆನ್ಲಿಯ ನಿಯಮ ಹೊರಗೆ ನಿಲ್ಲಿಸುತ್ತಿದ್ದಂಥ ಜನರಿಂದ. ಅದೇ 1920ರಲ್ಲಿ ಹೆನ್ಲಿಯವರು ಅಮೆರಿಕದ ಜಾನ್ ಕೆಲ್ಲಿಯನ್ನು ದೋಣಿ ಪಂದ್ಯಕ್ಕೆ ಸೇರಿಸಲಿಲ್ಲ. ಅವರ ಕ್ಲಬ್ಬಿನ ಮೇಲೆ ಹಳೆಯ ನಿಷೇಧ ಇತ್ತು, ಇಟ್ಟಿಗೆ ಕೆಲಸ ಮಾಡಿದವರು ಎನ್ನುವುದೂ ಅಡ್ಡ ಬಂತು. ಕೆಲ್ಲಿ ಆಂಟ್‌ವರ್ಪ್‌ಗೆ ಬಂದು ಚಿನ್ನ ಗೆದ್ದರು. ಇಟ್ಟಿಗೆ ಕಟ್ಟುವವರೂ ನಮ್ಮ ಚೌಗುಲೆಯವರೂ ಒಂದೇ ಕೂಟದಲ್ಲಿದ್ದರು ಎಂದು ನೆನೆದರೆ ನನಗೆ ಒಂಥರಾ ಸಮಾಧಾನ.

ಇದೆಲ್ಲ ಹಳೆಯ ಮಾತು, ಈಗ ವೃತ್ತಿಪರರಿಗೂ ಬಾಗಿಲು ತೆರೆದಿದೆ ಎಂದು ನೀವು ಹೇಳಬಹುದು. ಹೌದು, 1970ರ ದಶಕದಲ್ಲಿ ನಿಮ್ಮ ನಿಯಮ ಪುಸ್ತಕದಿಂದ ಅಮೆಚೂರ್ ಪದ ಹೋಯಿತು, 1980ರ ದಶಕದಲ್ಲಿ ಬಾಗಿಲು ತೆರೆಯಿತು. ಪದ ಹೋದರೂ ಅದು ಹುಟ್ಟಿಸಿದ ನಾಚಿಕೆ ಹೋಗಿಲ್ಲ. 2024ರ ಏಪ್ರಿಲ್‌ನಲ್ಲಿ ಓಟ, ಜಿಗಿತ, ಎಸೆತದ ಆಟಗಳನ್ನು ನೋಡಿಕೊಳ್ಳುವ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತನ್ನ 48 ಸ್ಪರ್ಧೆಗಳ ಚಿನ್ನ ಗೆದ್ದವರಿಗೆ ತಲಾ 50,000 ಡಾಲರ್ ಕೊಡುತ್ತೇನೆ ಎಂದಿತು. ಆಗ ಬೇಸಿಗೆ ಕ್ರೀಡೆಗಳ ಫೆಡರೇಷನ್ನುಗಳ ಒಕ್ಕೂಟ ಇದರಿಂದ ಒಲಿಂಪಿಕ್ ಮೌಲ್ಯಗಳಿಗೆ ಪೆಟ್ಟು ಎಂದಿತು. ಸೈಕಲ್ ಫೆಡರೇಷನ್ನಿನ ಮುಖ್ಯಸ್ಥರು ಇದು ಒಲಿಂಪಿಕ್ ಭಾವನೆ ಅಲ್ಲ ಎಂಬರ್ಥದ ಮಾತಾಡಿದರು. ಆ ಸುದ್ದಿ ಓದುವಾಗ ನನಗೆ ನನ್ನ ದನಿಯೇ ಕೇಳಿಸಿತು. ಹಾಗೆಲ್ಲ ಕೇಳಬಾರದಮ್ಮ.

ಅವರ ಇನ್ನೊಂದು ವಾದ ನ್ಯಾಯವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ದುಡ್ಡಿರುವ ಫೆಡರೇಷನ್ ಕೊಟ್ಟರೆ ದುಡ್ಡಿಲ್ಲದ ಫೆಡರೇಷನ್ನಿನ ಆಟಗಾರರು ಏನು ಮಾಡಬೇಕು ಎನ್ನುವುದು. ಅದಕ್ಕೆ ದಾರಿ ನಿಮ್ಮ ಕೈಯಲ್ಲೇ ಇದೆ, ನೀವೇ ಎಲ್ಲರಿಗೂ ಸಮನಾಗಿ ಕೊಡಿ. 2017ರಿಂದ 2021ರ ಅವಧಿಯಲ್ಲಿ ನಿಮ್ಮ ಸಮಿತಿಯ ಆದಾಯ 760 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 90 ಭಾಗ ಕ್ರೀಡೆಗೇ ಹಂಚುತ್ತೇವೆ ಎನ್ನುತ್ತೀರಿ. ಫೆಡರೇಷನ್ನುಗಳಿಗೆ, ದೇಶಗಳ ಸಮಿತಿಗಳಿಗೆ ಹೋಗುತ್ತದೆ, ಅದೂ ಬೇಕಾದದ್ದೇ. ಆದರೆ ಟಿವಿಯವರು ಅಷ್ಟು ಹಣ ಕೊಡುವುದು ಯಾರ ಓಟ ನೋಡಲು? ಆ ಓಡಿದವರ ಕೈಗೆ ನೀವು ಪದಕ ಬಿಟ್ಟು ಒಂದು ಪೈಸೆ ನೇರವಾಗಿ ಬಹುಮಾನ ಅಂತ ಕೊಡುವುದಿಲ್ಲ.

ಒಲಿಂಪಿಯಾದಲ್ಲೂ ಎಲೆ ಮಾತ್ರ, ಹಣ ಕೊಟ್ಟದ್ದು ಊರುಗಳು, ಈಗಲೂ ಸರ್ಕಾರಗಳು ಕೊಡುತ್ತವಲ್ಲ ಎಂದು ಯಾರಾದರೂ ಹೇಳಿಯಾರು. ಒಪ್ಪುತ್ತೇನೆ. ಆದರೆ ಒಲಿಂಪಿಯಾದ ಪೂಜಾರಿಗಳು ಆ ಓಟವನ್ನು ಯಾರಿಗೂ ಮಾರಿಕೊಳ್ಳಲಿಲ್ಲ. ಬೇರೆ ಊರಿನಲ್ಲಿ ಎಣ್ಣೆ ಜಾಡಿ ಗೆದ್ದಿದ್ದೀಯ ಎಂದು ಯಾವ ಓಟಗಾರನನ್ನೂ ಹೊರಗೆ ಹಾಕಲಿಲ್ಲ. ಮತ್ತೆ ಎಲ್ಲ ದೇಶಗಳ ಕೈಯಲ್ಲೂ ಕೊಡುವಷ್ಟು ಇಲ್ಲ, ಇದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀವು ಜಿಂಬಾಬ್ವೆಯವರು, ಏಳು ಒಲಿಂಪಿಕ್ ಪದಕ ಗೆದ್ದ ಈಜುಗಾರ್ತಿ, ಈ ಕುರ್ಚಿಯಲ್ಲಿ ಕುಳಿತ ಮೊದಲ ಮಹಿಳೆ, ಆಫ್ರಿಕಾದಿಂದ ಬಂದ ಮೊದಲಿಗರು. 2008ರಲ್ಲಿ ಬೀಜಿಂಗ್‌ನಿಂದ ಮರಳಿದಾಗ ನಿಮ್ಮ ದೇಶ ನಿಮಗೂ ಬಹುಮಾನದ ಹಣ ಕೊಟ್ಟಿತು. ಅದರಲ್ಲಿ ತಪ್ಪೇನೂ ಇಲ್ಲ. ಸೊಲೋನ್ ಮಾಡಿದ್ದೂ ಅದನ್ನೇ. ನೀವು ಆ ಹಣ ತೆಗೆದುಕೊಂಡದ್ದರಿಂದ ನಿಮ್ಮ ಈಜಿನ ಬೆಲೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಉಳಿದವರದ್ದೂ ಆಗುವುದಿಲ್ಲ.

ಇನ್ನೊಂದು ಮಾತು, ಜ್ಯೋತಿಯ ಬಗ್ಗೆ. ಒಲಿಂಪಿಯಾದಲ್ಲಿ ಕನ್ನಡಿಯಿಂದ ಬೆಂಕಿ ಹೊತ್ತಿಸಿ, ಓಟಗಾರರ ಕೈಯಿಂದ ಕೈಗೆ ದಾಟಿಸಿ ತರುವುದನ್ನು ಪುರಾತನ ಪದ್ಧತಿ ಎಂದೇ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅದು ಶುರುವಾದದ್ದು 1936ರಲ್ಲಿ, ಹಿಟ್ಲರನ ಬರ್ಲಿನ್ ಕೂಟಕ್ಕೆ, ಕಾರ್ಲ್ ಡೀಮ್ ಎಂಬ ಸಂಘಟಕರ ಯೋಜನೆಯಂತೆ. ಆ ಪಂಜುಗಳನ್ನು ಮಾಡಿದ್ದು ಫಿರಂಗಿ ಮಾಡುವ ಕ್ರುಪ್ ಕಂಪನಿ. ಹಳೆಯ ಅಥೆನ್ಸಿನಲ್ಲಿ ದೇವರ ಹಬ್ಬಕ್ಕೆ ಪಂಜಿನ ಓಟ ಇತ್ತು, ಒಲಿಂಪಿಯಾದಿಂದ ಬೇರೆ ಊರಿಗೆ ಬೆಂಕಿ ಒಯ್ಯುವುದು ಮಾತ್ರ ಇರಲಿಲ್ಲ. ಗ್ರೀಸನ್ನು ತಮ್ಮ ಪೂರ್ವಿಕರ ಮನೆ ಎಂದು ತೋರಿಸಿಕೊಳ್ಳಬೇಕೆಂಬ ಹಂಬಲ ಅವತ್ತಿನ ಜರ್ಮನಿಯ ದೊರೆಗಳಿಗಿತ್ತು. ಜ್ಯೋತಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಆಮೇಲೆ ಎಷ್ಟೋ ಒಳ್ಳೆಯ ಕೈಗಳು ಅದನ್ನು ಹಿಡಿದಿವೆ. ಆದರೆ ಹೊತ್ತಿಸುವ ಹೊತ್ತಿಗೆ ಅದರ ಹುಟ್ಟನ್ನು ಒಂದು ಮಾತಲ್ಲಿ ಹೇಳಿ. 2036ರ ಕೂಟ ನಮಗೆ ಬೇಕು ಎಂದು ನಮ್ಮ ದೇಶ 2024ರಲ್ಲಿ ನಿಮಗೆ ಪತ್ರ ಕೊಟ್ಟಿದೆ. ಸಿಕ್ಕರೆ ಆ ಜ್ಯೋತಿ ನಮ್ಮ ಊರುಗಳ ಮೇಲೆ ಹಾದು ಬರುವಾಗ ಅದಕ್ಕೆ ಸರಿಯಾಗಿ ನೂರು ವರ್ಷ. ದಾರಿ ಬದಿಯಲ್ಲಿ ನಿಂತ ಶಾಲೆ ಮಕ್ಕಳಿಗೆ ಆಗ ನಮ್ಮ ಮೇಷ್ಟ್ರುಗಳು ಸುಳ್ಳು ಹೇಳಬಾರದು.

ನಾನು ಕೇಳುವುದು ಇಷ್ಟು. ಬಹುಮಾನದ ಹಣ ಕೊಡಬೇಕೋ ಬೇಡವೋ ಎಂದು ನೀವು ಕುಳಿತು ಮಾತಾಡುವಾಗ ಗ್ರೀಕರನ್ನು ಅಡ್ಡ ತರಬೇಡಿ, ತಂದರೆ ಪೂರ್ತಿ ತನ್ನಿ, ಎಲೆಯ ಜೊತೆಗೆ ಕುರಿಯನ್ನೂ ಎಣ್ಣೆಯನ್ನೂ ತನ್ನಿ. 2028ರ ಲಾಸ್ ಏಂಜಲೀಸ್ ಕೂಟದಿಂದ, ಯಾವ ಆಟವೇ ಇರಲಿ, ಯಾವ ದೇಶದವರೇ ಇರಲಿ, ಗೆದ್ದವರಿಗೆ ಸಮಿತಿಯೇ ಒಂದು ಮೊತ್ತ ಕೊಡಲಿ. ಶಾಲೆಗಳಿಗೆ ನೀವು ಹಂಚುವ ಒಲಿಂಪಿಕ್ ಪಾಠಗಳಲ್ಲಿ ಗ್ಲೌಕಸ್‌ನ ನೇಗಿಲು ಬರಲಿ, ಅಯ್ರೋಲ್ಡಿಯ ಕಾಲ್ನಡಿಗೆ ಬರಲಿ, ಥಾರ್ಪ್ ಅವರ 110 ವರ್ಷ ಬರಲಿ. ಅಯ್ರೋಲ್ಡಿ ಮನೆಯವರಿಗೆ ಒಂದು ಕ್ಷಮೆಯ ಪತ್ರ ಬರೆದರೆ ನಿಮಗೆ ಆಗುವ ಖರ್ಚು ಏನೂ ಇಲ್ಲ. ಕನ್ನಡದ ಮೇಷ್ಟ್ರುಗಳಲ್ಲೂ ಇದೇ ಕೇಳಿಕೆ. ಮಗು ಏನು ಕೊಡ್ತಾರೆ ಎಂದು ಕೇಳಿದರೆ ಬೈಯಬೇಡಿ. ಎಷ್ಟು ಕೊಡ್ತಾರೆ ಎಂದು ಗೊತ್ತು ಮಾಡಿಕೊಂಡು ಹೇಳಿ. ಏನೂ ಕೊಡದಿದ್ದರೆ, ಕೊಡಿ ಎಂದು ಮೇಲಿನವರನ್ನು ಕೇಳುವ ಕೆಲಸ ನಮ್ಮದು.

ಹೋದ ವರ್ಷ ಸಂತೆಯಲ್ಲಿ ಆ ಹುಡುಗಿ ಸಿಕ್ಕಿದ್ದಳು. ಈಗ ಎರಡು ಮಕ್ಕಳ ತಾಯಿ, ಕುರಿ ಮಾರಲು ಗಂಡನ ಜೊತೆ ಬಂದಿದ್ದಳು. ನನ್ನನ್ನು ಕಂಡು ನಮಸ್ಕಾರ ಮಾಡಿ ಚಹಾ ಕುಡಿಸಿದಳು. ಅವತ್ತು ನಿನಗೆ ತಪ್ಪು ಹೇಳಿದ್ದೆ ತಾಯಿ ಎಂದೆ. ಅವಳಿಗೆ ಮಾತು ಪೂರ್ತಿ ನೆನಪಿತ್ತು, ಎಲೆ ಕಿರೀಟ ಎಂದು ಅವಳೇ ಹೇಳಿದಳು. ನಾನು ಸೊಲೋನ್ ಕೊಟ್ಟ ಲೆಕ್ಕ ಹೇಳಿದೆ. ಅವಳು ಮುಂದೆ ಕಟ್ಟಿದ್ದ ಹನ್ನೊಂದು ಕುರಿಗಳನ್ನು ಒಮ್ಮೆ ನೋಡಿದಳು. "ಐನೂರಾ? ಖರೇನ ಸರ?" ಎಂದಳು. ಖರೇನ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳು ಆರನೇ ತರಗತಿಯಲ್ಲಿದ್ದಾಳೆ, ಅವಳೂ ಚೆನ್ನಾಗಿ ಓಡ್ತಾಳೆ, ಒಂದು ದಿನ ಬಂದು ನೋಡ್ರಿ ಎಂದು ಕರೆದಳು. ಹೋಗಿ ನೋಡಿ ಬಂದೆ. ತಾಯಿಯ ಹೆಜ್ಜೆಯೇ ಬಂದಿದೆ ಮೇಡಂ. ಮುಂದಿನ ವಾರದಿಂದ ಬೆಳಿಗ್ಗೆ ಆರಕ್ಕೆ ಅವಳ ಜೊತೆ ಮೈದಾನದಲ್ಲಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು,
ಬೆಳಗಾವಿ ಜಿಲ್ಲೆ